ಇನ್ನೂ ಮೂವತ್ತೈದು ಕಿಲೋ ಇಳಿಸಬೇಕು: ಚರ್ಮ ಜೋತು ಬೀಳದಂತೆ ಏನಾದರೂ ಮಾಡಬಹುದೇ?

ತುಂಗಾತೀರ (ಶಿವಮೊಗ್ಗ) ಕೇಳಿದ ಪ್ರಶ್ನೆ

ನನಗೆ 36 ವರ್ಷ, ಎತ್ತರ ಐದು ಅಡಿ ಮೂರು ಅಂಗುಲ. ವರ್ಷದ ಆರಂಭದಲ್ಲಿ 114 ಕಿಲೋ ಇದ್ದೆ, ಈಗ 105. ಸಕ್ಕರೆ ಕಾಯಿಲೆ ಗಡಿಯವರೆಗೆ ಬಂದು ನಿಂತಿದೆ, ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ. 70ರ ಹತ್ತಿರ ಬನ್ನಿ ಎಂದು ವೈದ್ಯರು ಹೇಳಿದ್ದಾರೆ.

ತೂಕ ಇಳಿಸುವುದು ಹೇಗೆಂದು ನಾನು ಕೇಳುತ್ತಿಲ್ಲ. ಆ ಸಲಹೆ ಕೊಡುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ನನ್ನ ಚಿಂತೆ ಚರ್ಮದ್ದು. ದೊಡ್ಡಪ್ಪನ ಮಗಳು ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಒಂದೂವರೆ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಳು. ಆರೋಗ್ಯವೆಲ್ಲ ಚೆನ್ನಾಗಿದೆ, ಆದರೆ ತೋಳಿನ ಕೆಳಗೆ ಚರ್ಮ ಜೋಲಾಡುತ್ತದೆ ಎಂದು ಎಂಥ ಸೆಕೆಯಲ್ಲೂ ಉದ್ದ ತೋಳಿನ ರವಿಕೆಯನ್ನೇ ತೊಡುತ್ತಾಳೆ. ಅವಳನ್ನು ತೋರಿಸಿ ನಮ್ಮ ಅತ್ತೆಯವರು, "ಸಣ್ಣಗಾಗಿ ಮುದುಕಿಯಾಗುವುದಕ್ಕಿಂತ ಇದ್ದ ಹಾಗೆಯೇ ಲಕ್ಷಣವಾಗಿದ್ದೀಯ" ಎನ್ನುತ್ತಾರೆ. ಒಂಬತ್ತು ಕಿಲೋ ಇಳಿದಿದ್ದಕ್ಕೇ ನನ್ನ ಹೊಟ್ಟೆಯ ಕೆಳಭಾಗ ಮೆತ್ತಗಾಗಿ ಇಳಿಬಿದ್ದಿದೆ. ಇಬ್ಬರು ಮಕ್ಕಳು, ಎರಡನೆಯದು ಸಿಸೇರಿಯನ್.

ನಿಧಾನವಾಗಿ ಇಳಿಸಿದರೆ ಚರ್ಮ ತಾನಾಗಿ ಒಳಸರಿಯುತ್ತದೆಯೇ? ಬಾಣಂತನದಲ್ಲಿ ಕಟ್ಟುವ ಹಾಗೆ ಹೊಟ್ಟೆಗೆ ಬಟ್ಟೆ ಬಿಗಿದರೆ ಉಪಯೋಗವಿದೆಯೇ? ಪರಿಚಯದವರೊಬ್ಬರು ಕೊಲಾಜನ್ ಪುಡಿ ಮಾರುತ್ತಾರೆ, ತಿಂಗಳಿಗೆ ಮೂರು ಸಾವಿರವಂತೆ. ಎಣ್ಣೆ ನೀವಿಕೊಳ್ಳುವುದನ್ನಂತೂ ಆಗಲೇ ಶುರು ಮಾಡಿದ್ದೇನೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಜಿಮ್ಮಿನಹುಡುಗ (ಬೆಂಗಳೂರು)

ಹೆದರಬೇಡಿ ಅಕ್ಕ. ನಾನು 98ರಿಂದ 68ಕ್ಕೆ ಬಂದೆ, ಒಂದೇ ವರ್ಷ. ಈಗ ನನಗೆ 23. ಆರಂಭದಲ್ಲಿ ಎದೆ, ಹೊಟ್ಟೆ ಸ್ವಲ್ಪ ಸಡಿಲವಾಗಿತ್ತು, ಈಗ ಯಾರಿಗೂ ಗೊತ್ತೇ ಆಗುವುದಿಲ್ಲ. ಭಾರ ಎತ್ತಿ, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಿರಿ, ಚರ್ಮ ತಾನಾಗಿ ಬಿಗಿಯಾಗುತ್ತದೆ.

ಮಂಡಿಪೇಟೆ (ದಾವಣಗೆರೆ)

ಮೇಲಿನ ತಮ್ಮನಿಗೆ ಚರ್ಮ ಬಿಗಿಯಾಗಿದ್ದು ನೀರಿನಿಂದಲ್ಲ, 23ರ ವಯಸ್ಸಿನಿಂದ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ, ಆ ಮಾತು ಬೇರೆ. ನಾನು 138 ಕಿಲೋ ಇದ್ದವನು, 43ನೆಯ ವಯಸ್ಸಿನಲ್ಲಿ ಇಳಿಸಲು ಕುಳಿತವನು, ಈಗ 84. ಬೇಳೆಕಾಳಿನ ಸಗಟು ವ್ಯಾಪಾರ ನನ್ನದು, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ.

ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜನ್. ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಗುಣ ಕೊಡುವುದು ಎಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳು. ಕೊಲಾಜನ್ ಜೀವನವಿಡೀ ತಯಾರಾಗುತ್ತಲೇ ಇರುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಎಲಾಸ್ಟಿನ್ ಹಾಗಲ್ಲ. ಅದರ ಬಹುಪಾಲು ನಾವು ತಾಯಿಯ ಹೊಟ್ಟೆಯಲ್ಲಿರುವಾಗ ಮತ್ತು ಬಾಲ್ಯದಲ್ಲಿ ಆಗಿಹೋಗಿರುತ್ತದೆ, ದೊಡ್ಡವರಾದ ಮೇಲೆ ಹೊಸದಾಗಿ ಬರುವುದು ಅತ್ಯಲ್ಪ. ವರ್ಷಗಟ್ಟಲೆ ಹಿಗ್ಗಿ ನಿಂತ ಚರ್ಮದಲ್ಲಿ ಈ ಎಳೆಗಳು ಹಾಳಾಗಿರುತ್ತವೆ. ಹಾಗಾಗಿ ಚರ್ಮ ಎಷ್ಟು ಹಿಂದಕ್ಕೆ ಬರುತ್ತದೆ ಎನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ನಿಮ್ಮ ವಯಸ್ಸು, ಎಷ್ಟು ಕಿಲೋ ಇಳಿಸುತ್ತೀರಿ, ಎಷ್ಟು ವರ್ಷ ಆ ತೂಕ ಹೊತ್ತಿದ್ದಿರಿ, ತಂದೆತಾಯಿಯಿಂದ ಬಂದ ಚರ್ಮದ ಗುಣ, ಬಸಿರು, ಬಿಸಿಲು, ಸಿಗರೇಟು. ಇವುಗಳಲ್ಲಿ ಈಗ ನಮ್ಮ ಕೈಯಲ್ಲಿರುವುದು ಕೊನೆಯ ಎರಡೇ. ಇದನ್ನು ಮೊದಲೇ ತಿಳಿದುಕೊಂಡರೆ ಬಹಳ ದುಡ್ಡು ಉಳಿಯುತ್ತದೆ.

ಮೂರು ಸಾವಿರದ ಪುಡಿಯನ್ನೇ ತೆಗೆದುಕೊಳ್ಳಿ. ನುಂಗಿದ ಕೊಲಾಜನ್ ನೇರವಾಗಿ ತೋಳಿಗೆ ಹೋಗಿ ಅಂಟಿಕೊಳ್ಳುವುದಿಲ್ಲ, ಬೇರೆ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಒಡೆಯುತ್ತದೆ. ಚರ್ಮದ ತೇವ ಸ್ವಲ್ಪ ಹೆಚ್ಚುತ್ತದೆ ಎಂದು ತೋರಿಸಿದ ಅಧ್ಯಯನಗಳು ಇವೆ, ಅವುಗಳಲ್ಲಿ ಅನೇಕಕ್ಕೆ ಹಣ ಹಾಕಿದವರು ಪುಡಿ ಮಾರುವವರೇ. ಮೂವತ್ತು ನಲವತ್ತು ಕಿಲೋ ಇಳಿಸಿದವರ ಜೋತ ಚರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ದೇಹ ತಾನೇ ಕೊಲಾಜನ್ ಕಟ್ಟಲು ಪ್ರೋಟೀನ್ ಬೇಕು, ಸಿ ಜೀವಸತ್ವ ಬೇಕು. ಒಂದು ಸೀಬೆಹಣ್ಣು ತಿನ್ನಿ, ಎರಡನೆಯದರ ಲೆಕ್ಕ ಮುಗಿಯಿತು.

ಎಣ್ಣೆ ನೀವಿಕೊಳ್ಳಿ, ಬೇಡವೆನ್ನುವುದಿಲ್ಲ. ಚರ್ಮದ ಮೇಲ್ಪದರ ಒಣಗದೆ ನುಣುಪಾಗಿರುತ್ತದೆ, ಮನಸ್ಸಿಗೂ ಹಿತ. ಎಲಾಸ್ಟಿನ್ ಇರುವ ಆಳಕ್ಕೆ ಅದು ಇಳಿಯುವುದಿಲ್ಲ. ಆದರೆ ಹೊಟ್ಟೆಯ ಮಡಿಕೆಯ ಒಳಗೆ ಮಾತ್ರ ಎಣ್ಣೆ ಹಚ್ಚಬೇಡಿ, ಕಾರಣ ಕೆಳಗೆ ಹೇಳುತ್ತೇನೆ. ಹೊಟ್ಟೆಗೆ ಬಟ್ಟೆ ಬಿಗಿಯುವುದೂ ಅಷ್ಟೇ: ಕಟ್ಟಿರುವಾಗ ಸೊಂಟಕ್ಕೆ ಆಸರೆ, ಬಿಚ್ಚಿದ ಮೇಲೆ ಹೊಟ್ಟೆ ಎಲ್ಲಿತ್ತೋ ಅಲ್ಲೇ.

ನಿಧಾನದ ವಿಚಾರ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎನ್ನುವುದು ವೈದ್ಯರು ಸಾಮಾನ್ಯವಾಗಿ ಹೇಳುವ ವೇಗ. ನಿಧಾನವಾದರೆ ಚರ್ಮಕ್ಕೆ ಸಮಯ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕೆ ಗಟ್ಟಿಯಾದ ಪುರಾವೆ ಕಡಿಮೆ. ನಿಧಾನವಾಗಿ ಇಳಿಸಲು ನಿಜವಾದ ಕಾರಣ ಬೇರೆ. ಅವಸರ ಮಾಡಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ, ವಾರಕ್ಕೆ ಒಂದೂವರೆ ಕಿಲೋ ಮೀರಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚುತ್ತದೆ.

ಸ್ನಾಯುವಿನ ಮಾತೇ ನನ್ನ ಮುಖ್ಯ ಮಾತು. ಅಕ್ಕಿ ಖಾಲಿಯಾದ ಗೋಣಿಚೀಲ ಸುಕ್ಕಾಗಿ ಕುಸಿಯುತ್ತದೆ. ಚೀಲವನ್ನು ಕುಗ್ಗಿಸಲು ಆಗುವುದಿಲ್ಲ, ಒಳಗೆ ಏನನ್ನಾದರೂ ತುಂಬಬಹುದು. ತೋಳು, ಭುಜ, ತೊಡೆ, ಪೃಷ್ಠಗಳಲ್ಲಿ ಸ್ನಾಯು ಉಳಿದಿದ್ದರೆ, ಸಾಧ್ಯವಾದರೆ ಬೆಳೆದಿದ್ದರೆ, ಅದೇ ಚರ್ಮ ಬೇರೆಯೇ ಕಾಣುತ್ತದೆ. ಆದ್ದರಿಂದ ತೂಕ ಇಳಿದ ಮೇಲೆ ಜಿಮ್ಮಿಗೆ ಹೋಗುತ್ತೇನೆ ಎನ್ನಬೇಡಿ, ಇವತ್ತಿನಿಂದಲೇ ಭಾರ ಎತ್ತಿ. ನಡಿಗೆ ಒಂದೇ ಸಾಲದು. ವಾರಕ್ಕೆ ಎರಡು ಮೂರು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. ಮೊಣಕಾಲು ನೋವಿದ್ದರೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರು ಮಾಡಿ, ಗೋಡೆಗೆ ಕೈಯೂರಿ ದಂಡ ಹೊಡೆಯಿರಿ, ಎರಡು ಕಿಲೋ ಬೇಳೆ ಪೊಟ್ಟಣವನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿ. ನಾನು ಗೋದಾಮಿನ ಮಾಲಕ, ಆದರೂ ಹಮಾಲಿಗಳು ನಗುವಷ್ಟು ಚಿಕ್ಕ ಭಾರದಿಂದ ಶುರು ಮಾಡಿದವನು. ಹಗುರ ಎನಿಸಿದ ಕೂಡಲೇ ಭಾರ ಹೆಚ್ಚಿಸಬೇಕು, ಗುಟ್ಟು ಇರುವುದು ಅಲ್ಲಿ.

ಇನ್ನು ಊಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾಮಾನ್ಯ ಜನರಿಗೆ ಹೇಳುವುದು ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ತೂಕ ಇಳಿಸುತ್ತಾ ಸ್ನಾಯು ಉಳಿಸಿಕೊಳ್ಳಬೇಕಾದವರಿಗೆ ಆಹಾರತಜ್ಞರು 1.2ರಿಂದ 1.6 ಗ್ರಾಂ ಹೇಳುತ್ತಾರೆ. ಈಗಿನ 105 ಕಿಲೋದ ಮೇಲೆ ಲೆಕ್ಕ ಹಾಕಬೇಡಿ, ಗುರಿಯ 70ರ ಮೇಲೆ ಹಾಕಿ: ದಿನಕ್ಕೆ ಸುಮಾರು 84ರಿಂದ 112 ಗ್ರಾಂ. ನಮ್ಮ ಸಸ್ಯಾಹಾರದ ತಟ್ಟೆಯಲ್ಲಿ ಇದು ತಾನಾಗಿ ಬರುವುದಿಲ್ಲ. ರಾಗಿಯನ್ನು ಹೊಗಳುವವರು ಹೊಗಳಲಿ, ಕ್ಯಾಲ್ಸಿಯಂ ಧಾರಾಳ, ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಏಳೇ ಗ್ರಾಂ. ತೊಗರಿಬೇಳೆ, ಹುರುಳಿ ಎರಡರಲ್ಲೂ ನೂರಕ್ಕೆ 22ರ ಆಸುಪಾಸು, ಅದೂ ಹಸಿಯ ತೂಕಕ್ಕೆ. ನಮ್ಮ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಬೇಳೆ ಎಷ್ಟೆಂದು ನೀವೇ ತೂಗಿ ನೋಡಿ, ಗಾಬರಿಯಾಗುತ್ತೀರಿ. ಅರ್ಧ ಲೀಟರ್ ಹಾಲು ಅಥವಾ ಮೊಸರು 16 ಗ್ರಾಂ, ನೂರು ಗ್ರಾಂ ಪನೀರ್ 18ರಿಂದ 20. ಎಲ್ಲಕ್ಕಿಂತ ಅಗ್ಗ ಮತ್ತು ಹೆಚ್ಚು ಸೋಯಾ ಚಂಕ್ಸ್: ಒಣಗಿದ್ದು ಐವತ್ತು ಗ್ರಾಂ ಹಾಕಿದರೆ 26 ಗ್ರಾಂ ಪ್ರೋಟೀನ್. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಹೆಚ್ಚಿಸಬಾರದು. ನಿಮಗೆ ಸಕ್ಕರೆಯೂ ಗಡಿಯಲ್ಲಿ ಇರುವುದರಿಂದ ಒಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ.

ಈಗ ಮಡಿಕೆಯ ವಿಚಾರ. ಇದನ್ನು ಯಾರೂ ಹೇಳುವುದಿಲ್ಲ, ನಾಚಿಕೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಹೊಟ್ಟೆಯ ಕೆಳಗೆ, ತೊಡೆಸಂದಿಯಲ್ಲಿ ಬೆವರು ನಿಂತು ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ, ವಾಸನೆ ಬರುತ್ತದೆ. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ, ಎಣ್ಣೆ ಬೇಡವೆಂದಿದ್ದು ಇದಕ್ಕೇ. ಸ್ನಾನದ ನಂತರ ಮಡಿಕೆ ಬಿಡಿಸಿ ಒತ್ತಿ ಒರೆಸಿ, ಉಜ್ಜಬೇಡಿ. ಹತ್ತಿಯ ಒಳಉಡುಪು ತೊಟ್ಟು ಬೆವರಿದ ಕೂಡಲೇ ಬದಲಿಸಿ. ತುರಿಕೆ ಬಂದರೆ ಔಷಧ ಅಂಗಡಿಯಲ್ಲಿ ಕೇಳಿ ಮುಲಾಮು ತರಬೇಡಿ. ಗಜಕರ್ಣಕ್ಕೆಂದು ಸಲೀಸಾಗಿ ಸಿಗುವ ಮಿಶ್ರ ಮುಲಾಮುಗಳಲ್ಲಿ ಅನೇಕದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದಾಗ ತುರಿಕೆ ಶಮನವಾಗುತ್ತದೆ, ಆಮೇಲೆ ರೋಗ ಹರಡುತ್ತದೆ, ಬಹುಕಾಲ ಹಚ್ಚಿದರೆ ಚರ್ಮವೇ ತೆಳುವಾಗಿ ಬಿರುಕಿನ ಗೆರೆ ಬೀಳುತ್ತದೆ. ಮೊದಲೇ ಸೋತ ಚರ್ಮಕ್ಕೆ ಇದೊಂದು ಬೇಕೇ? ಚರ್ಮವೈದ್ಯರ ಬಳಿಗೆ ಹೋಗಿ.

ನನ್ನ ಹೊಟ್ಟೆಯ ಚರ್ಮ ಕೊನೆಗೂ ಬರಲಿಲ್ಲ. 54 ಕಿಲೋ ಇಳಿಸಿದ ಮೇಲೆ ಮಡಿಕೆ ತೊಡೆಯ ಮೇಲೆ ಕೂರುತ್ತಿತ್ತು, ತೆಗೆಸಿದೆ. ವಿಮಾ ಕಂಪನಿಯವರು ಇದು ಸೌಂದರ್ಯದ ಚಿಕಿತ್ಸೆ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು, ಹಣವೆಲ್ಲ ಕೈಯಿಂದ ಹೋಯಿತು. ಮಜಾ ನೋಡಿ: ನಮ್ಮ ದೇಶದ ಪಾಲಿಸಿಗಳ ಏಕರೂಪದ ಷರತ್ತಿನಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ಮುಟ್ಟಿದ್ದರೆ, ಅಥವಾ 35 ಇದ್ದು ಜೊತೆಗೆ ಗಂಭೀರ ಕಾಯಿಲೆ ಇದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಅವಕಾಶವಿದೆ. ಆಮೇಲೆ ಜೋತುಬಿದ್ದ ಚರ್ಮಕ್ಕೆ ಮಾತ್ರ ಅದು ಆರೋಗ್ಯಕ್ಕೆ ನೇರ ಅಪಾಯ ಎಂದು ವೈದ್ಯರು ಬರೆದುಕೊಟ್ಟರೆ ವಾದಿಸಬಹುದು, ಇಲ್ಲದಿದ್ದರೆ ಇಲ್ಲ. ಮಡಿಕೆಯಲ್ಲಿ ಪದೇ ಪದೇ ಸೋಂಕಾದರೆ ಪ್ರತಿ ಚೀಟಿಯನ್ನೂ, ಫೋಟೋವನ್ನೂ ಕಡತ ಮಾಡಿ ಇಡಿ.

ತೋಳು ಹಾಗೆಯೇ ಇದೆ. ಅರ್ಧ ತೋಳಿನ ಅಂಗಿ ತೊಟ್ಟೇ ಅಂಗಡಿಯಲ್ಲಿ ಕೂರುತ್ತೇನೆ. ಗಿರಾಕಿಗಳು ನೋಡುವುದು ತಕ್ಕಡಿಯನ್ನು.

ವಾರ್ಡಿನಿಂದ (ಮಂಗಳೂರು)

ನಾನು ಪ್ಲಾಸ್ಟಿಕ್ ಸರ್ಜರಿ ವಿಭಾಗದ ನರ್ಸ್. ಮಂಡಿಪೇಟೆಯವರು ಶಸ್ತ್ರಚಿಕಿತ್ಸೆಯನ್ನು ಎರಡೇ ವಾಕ್ಯದಲ್ಲಿ ಮುಗಿಸಿದ್ದರಿಂದ ಸ್ವಲ್ಪ ಸೇರಿಸುತ್ತೇನೆ.

ತೂಕ ಇಳಿಯುತ್ತಿರುವಾಗ ಯಾವ ಒಳ್ಳೆಯ ಸರ್ಜನ್ ಕೂಡ ಚರ್ಮ ತೆಗೆಯುವುದಿಲ್ಲ. ತೂಕ ಒಂದೇ ಕಡೆ ನಿಂತು ಆರು ತಿಂಗಳಾದರೂ ಆಗಬೇಕು. ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಆ ಕಾಯುವಿಕೆ ವ್ಯರ್ಥವಲ್ಲ, ತೂಕ ನಿಂತ ಮೇಲೂ ಒಂದೆರಡು ವರ್ಷ ಚರ್ಮ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಎಷ್ಟೋ ಸಲ ಜೋಲುತ್ತಿರುವುದು ಬರೀ ಚರ್ಮವಲ್ಲ, ಅದರ ಕೆಳಗೆ ಕೊಬ್ಬು ಇನ್ನೂ ಇರುತ್ತದೆ. ಎರಡು ಬೆರಳಲ್ಲಿ ಹಿಡಿದಾಗ ದಪ್ಪನೆಯ ಮೆತ್ತೆ ಸಿಕ್ಕಿದರೆ ಅದು ಕೊಬ್ಬು. 105ರಲ್ಲಿ ನಿಮಗೆ ಕಾಣುತ್ತಿರುವುದು ಹೆಚ್ಚಾಗಿ ಅದೇ.

ಹೊಟ್ಟೆಯ ಗಾಯ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಬರುತ್ತದೆ, ತೋಳಿನದು ಕಂಕುಳಿನಿಂದ ಮೊಣಕೈವರೆಗೆ. ಗುರುತು ಮಾಸುತ್ತದೆ, ಅಳಿಸುವುದಿಲ್ಲ. ಒಳಗೆ ನೀರು ತುಂಬುವುದು, ಗಾಯ ಬಿಚ್ಚಿಕೊಳ್ಳುವುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಇವನ್ನೆಲ್ಲ ನಾವು ನೋಡುತ್ತೇವೆ. ಸಿಗರೇಟು ಸೇದುವವರ ಗಾಯ ಕೂಡುವುದೇ ಕಷ್ಟ, ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿಸುತ್ತೇವೆ. ತೂಕ ಇಳಿಸಿ ಬರುವ ಹೆಂಗಸರಲ್ಲಿ ಕಬ್ಬಿಣ, ಬಿ12 ಕಡಿಮೆ ಇರುವುದು ಮಾಮೂಲು. ನೀವು ಸಸ್ಯಾಹಾರಿ, ಈಗಲೇ ಪರೀಕ್ಷಿಸಿಕೊಳ್ಳಿ.

ತುಂಗಾತೀರ

ಇಬ್ಬರಿಗೂ ವಂದನೆಗಳು. ಪುಡಿಯವರಿಗೆ ಬೇಡವೆಂದು ಹೇಳಿ ಆಯಿತು, ಅವರು ಮುಖ ಊದಿಸಿಕೊಂಡಿದ್ದಾರೆ. ಎರಡು ಮಾತು. ಮಲಗಿ ತಲೆ ಎತ್ತಿದರೆ ನನ್ನ ಹೊಟ್ಟೆಯ ನಡುವೆ ಏಣಿನಂತೆ ಉಬ್ಬುತ್ತದೆ, ಅದೂ ಚರ್ಮದ್ದೇ? ಇನ್ನೊಂದು, ಸೋಯಾದ ವಾಸನೆ ಬಂದರೆ ನಮ್ಮ ಅತ್ತೆಯವರು ಅಡುಗೆಮನೆಗೇ ಬರುವುದಿಲ್ಲ.

ವಾರ್ಡಿನಿಂದ

ಅದು ಚರ್ಮವಲ್ಲ. ಬಸಿರಿನಲ್ಲಿ ಹೊಟ್ಟೆಯ ಮುಂದಿನ ಎರಡು ಸ್ನಾಯುಗಳು ಬೇರ್ಪಟ್ಟು ನಡುವಿನ ಪಟ್ಟಿ ಸಡಿಲವಾಗಿರುತ್ತದೆ. ಹೊಕ್ಕುಳಿನ ಮೇಲೆ ಬೆರಳಿಟ್ಟು ತಲೆ ಎತ್ತಿ ನೋಡಿ, ಎರಡು ಬೆರಳಿಗಿಂತ ಹೆಚ್ಚು ಅಂತರ ಸಿಕ್ಕಿದರೆ ಫಿಸಿಯೋಥೆರಪಿಸ್ಟ್ ಬಳಿಗೆ ಹೋಗಿ. ಅವರು ನೋಡುವವರೆಗೆ ಮಲಗಿ ಏಳುವ ಹೊಟ್ಟೆಯ ವ್ಯಾಯಾಮ ಬೇಡ, ಉಬ್ಬು ಇನ್ನೂ ಹೆಚ್ಚಬಹುದು. ಹರ್ನಿಯಾ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಎಷ್ಟೋ ತಾಯಂದಿರು ಇದನ್ನು ಚರ್ಮವೆಂದೇ ತಿಳಿದು ವರ್ಷಗಟ್ಟಲೆ ಮುಲಾಮು ಹಚ್ಚಿರುತ್ತಾರೆ.

ಮಂಡಿಪೇಟೆ

ಸೋಯಾವನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ಬಿಡಿ, ಹಿಂಡಿ, ತಣ್ಣೀರಿನಲ್ಲಿ ತೊಳೆದು ಮತ್ತೆ ಹಿಂಡಿ. ತರಿತರಿಯಾಗಿ ರುಬ್ಬಿ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪಿನ ಜೊತೆ ಕಡಲೆಹಿಟ್ಟಿಗೆ ಕಲಸಿ ಕಾವಲಿಯ ಮೇಲೆ ತಟ್ಟಿ. ಸಬ್ಬಸಿಗೆಯ ಮುಂದೆ ಸೋಯಾದ ವಾಸನೆ ನಿಲ್ಲುವುದಿಲ್ಲ. ನಮ್ಮ ತಾಯಿ ಅದನ್ನು ವಡೆ ಎಂದೇ ತಿನ್ನುತ್ತಾರೆ, ಒಳಗೇನಿದೆ ಎಂದು ಇವತ್ತಿಗೂ ನಾವು ಹೇಳಿಲ್ಲ.