ಮುಖ ನೋಡಿ ಚಿತ್ರ ಬರೆಯುವವರಿಗೆ ಪದ: ಚಿತ್ತಾರಿಗನೋ, ರೂವಾರಿಯೋ?

ಎಲ್ಲರಿಗೂ ನಮಸ್ಕಾರ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಅವರ ಹಾಗೇ ಚಿತ್ರ ಬರೆಯುವವರಿಗೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ‘ಭಾವಚಿತ್ರಕಾರ’ ಅಂತ ಬರೆಯಬಹುದು, ಆದರೆ ಮಾತಿನಲ್ಲಿ ಅದು ಓಡುವುದಿಲ್ಲ.

ಮೊದಲು ನೆನಪಾಗುವುದು ‘ಚಿತ್ತಾರಿಗ’. ಸಂಸ್ಕೃತದ ಚಿತ್ರಕಾರ ಪ್ರಾಕೃತದಲ್ಲಿ ಸವೆದು ಚಿತ್ತಾರ ಆಯಿತು. ಕುಂಭಕಾರ ಕುಂಬಾರ ಆದದ್ದೂ ಹೀಗೇ, ನಡುವಿನ ಕಕಾರ ಬಿದ್ದುಹೋಗಿ. ಮರಾಠಿಯ ‘ಚಿತಾರಿ’, ಗುಜರಾತಿಯ ‘ಚಿತಾರೊ’ ಚಿತ್ರ ಬರೆಯುವವನ ಹೆಸರಾಗಿಯೇ ಉಳಿದವು. ನಮ್ಮಲ್ಲಿ ಮಾತ್ರ ಚಿತ್ತಾರ ಅಂದರೆ ಬರೆದ ಚಿತ್ರ. ಹಾಗಾಗಿ ಬರೆಯುವವನಿಗೆ ಇನ್ನೊಂದು ‘ಇಗ’ ಅಂಟಿತು. ಮಲೆನಾಡಿನ ದೀವರಲ್ಲಿ ಹಸೆ ಚಿತ್ತಾರ ಬರೆಯುವವಳು ಚಿತ್ತಾರಗಿತ್ತಿ. ಕಿನ್ನಾಳದಲ್ಲಿ ಮರದ ಗೊಂಬೆ ಮಾಡಿ ಬಣ್ಣ ಹಾಕುವವರು ಚಿತ್ರಗಾರರು. ಆದರೆ ಈ ಯಾವ ಪದದಲ್ಲೂ ‘ಹೋಲಿಕೆ’ ಅನ್ನೋ ಅರ್ಥ ಇಲ್ಲ.

ಹಾಗೆ ನೋಡಿದರೆ ‘ಭಾವಚಿತ್ರ’ದಲ್ಲೂ ಇಲ್ಲ! ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ದಲ್ಲಿ ಭಾವಚಿತ್ರ ಅಂದರೆ ನೋಡಿದ ಕೂಡಲೇ ಶೃಂಗಾರದಂಥ ರಸ ತಿಳಿಯುವ ಚಿತ್ರ. ಕನ್ನಡಿಯಲ್ಲಿ ಕಂಡಂತೆ ಬರೆದದ್ದಕ್ಕೆ ಅಲ್ಲಿ ‘ವಿದ್ಧಚಿತ್ರ’ ಅಂತ ಬೇರೆಯೇ ಹೆಸರಿದೆ. ಈಗ ನಾವು ಅರ್ಜಿಗೆ ಅಂಟಿಸುವ, ನಗಲೂ ಬಾರದ ಪಾಸ್‌ಪೋರ್ಟ್ ಫೋಟೊಗೆ ಭಾವಚಿತ್ರ ಅನ್ನುತ್ತೇವೆ.

ನನಗೆ ಜಾಸ್ತಿ ಹಿಡಿಸಿದ್ದು ‘ರೂವಾರಿ’. ಇದು ರೂಪಕಾರದಿಂದ ಬಂದದ್ದು. ಪಕಾರ ವಕಾರವಾಗಿದೆ, ಕಕಾರ ಇಲ್ಲೂ ಬಿದ್ದಿದೆ. ಶಾಸನಗಳಲ್ಲಿ ರೂವಾರಿ ಅಂದರೆ ವಿಗ್ರಹ ಕೆತ್ತುವ ಶಿಲ್ಪಿ. ‘ರೂಪ ಮಾಡುವವನು’ ಅನ್ನೋದು ನಮಗೆ ಬೇಕಾದ ಅರ್ಥಕ್ಕೆ ತೀರಾ ಹತ್ತಿರ, ಅಲ್ವಾ? ತೊಡಕು ಅಂದರೆ, ಪತ್ರಿಕೆಗಳು ಅದನ್ನು ಯಾವತ್ತೋ ಎತ್ತಿಕೊಂಡು ಹೋಗಿವೆ. ಯೋಜನೆಗೂ ರೂವಾರಿ, ಸಂಚಿಗೂ ರೂವಾರಿ. ಈಗ ಒಬ್ಬ ಕಲಾವಿದೆಯನ್ನು ರೂವಾರಿ ಅಂದರೆ ‘ಯಾವುದರ ರೂವಾರಿ?’ ಅಂತ ಕೇಳುತ್ತಾರೆ.

ಹಾಗಾಗಿ ಸದ್ಯಕ್ಕೆ ‘ಮೊಗಚಿತ್ತಾರಿಗ’ ಅನ್ನೋ ಕಡೆ ವಾಲಿದ್ದೇನೆ. ಹೊಸದಾಗಿ ಕಟ್ಟಿದ ಪದ, ಸ್ವಲ್ಪ ಉದ್ದ ಕೂಡ. ನಿಮ್ಮ ಕಡೆ ಆಡುಮಾತಿನಲ್ಲಿ ಇಂಥವರನ್ನು ಏನಂತಾರೆ? ‘ಪಟ ಬರೆಯೋರು’ ಬಿಟ್ಟು ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ. ಹೆಂಗಸರಿಗೆ ಬಳಸುವ ರೂಪವೂ ಇದ್ದರೆ ಇನ್ನೂ ಒಳ್ಳೆಯದು.