ಭತ್ತದ ಜೀನ್ ಎಡಿಟಿಂಗ್ ಲ್ಯಾಬಿಗೆ ಸೇರಲು ಯಾವ ಕೆಲಸ ಗೊತ್ತಿರಬೇಕು?

ಹೊಸಚಿಗುರು: ಸಸ್ಯ ಬಯೋಟೆಕ್ನಾಲಜಿ ಎಂ.ಎಸ್ಸಿ. ಮುಗಿಯುತ್ತಾ ಬಂತು. ಪಿಎಚ್.ಡಿ.ಗೆ ಭತ್ತದ ಕ್ರಿಸ್ಪರ್ (ಜೀನನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ಬದಲಿಸುವ ತಂತ್ರ) ಕೆಲಸವೇ ಬೇಕು ಅಂತಿದ್ದೇನೆ. ಕತ್ತರಿಸುವ ಕ್ಯಾಸ್9 ಕಿಣ್ವಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಡಿಸೈನ್ ಬರುತ್ತೆ. ಸಂದರ್ಶನದಲ್ಲಿ ನಿಜಕ್ಕೂ ಏನು ನೋಡ್ತಾರೆ? ಹೆಚ್ಚಿನ ಜಿಎಂ (ಹೊರಗಿನ ಜೀನ್ ಸೇರಿಸಿದ) ಬೆಳೆಗಳ ಥರ ಇದೂ ಲ್ಯಾಬಲ್ಲೇ ಉಳಿದುಬಿಡುತ್ತಾ?

ನಾಟಿ: ಕೊನೇದು ಮೊದಲು. ಹೊರಗಿನ ಡಿಎನ್‌ಎ ಉಳಿಯದ ಎಸ್‌ಡಿಎನ್-1, ಎಸ್‌ಡಿಎನ್-2 (ಗಿಡದ್ದೇ ಜೀನಲ್ಲಿ ಸಣ್ಣ ಬದಲಾವಣೆ ಮಾಡುವ ಎರಡು ಬಗೆಯ ಎಡಿಟಿಂಗ್) ಗಿಡಗಳಿಗೆ 2022ರ ಮಾರ್ಚ್‌ನಲ್ಲೇ ಪರಿಸರ ಸಚಿವಾಲಯ ಜೀನ್ ಬದಲಿಸಿದ ಜೀವಿಗಳ ಕುರಿತ 1989ರ ನಿಯಮಗಳಲ್ಲಿ 7ರಿಂದ 11ರವರೆಗಿನವುಗಳಿಂದ ವಿನಾಯಿತಿ ಕೊಟ್ಟಿದೆ. 2025ರ ಮೇನಲ್ಲಿ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಜೀನ್ ಎಡಿಟ್ ಮಾಡಿದ ಎರಡು ಭತ್ತದ ತಳಿ ಘೋಷಿಸಿತು: ಡಿಆರ್‌ಆರ್ ಧಾನ್ 100 ಕಮಲಾ, ಪೂಸಾ ಡಿಎಸ್‌ಟಿ ರೈಸ್ 1. ಕಮಲಾದ ಮೂಲ ಸಾಂಬಾ ಮಸೂರಿ. ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನನ್ನು ಒಡೆಯುವ ಸಿಕೆಎಕ್ಸ್2 ಜೀನನ್ನು ಅದರಲ್ಲಿ ಎಡಿಟ್ ಮಾಡಿದ್ದಾರೆ, ತೆನೆಗೆ ಕಾಳು ಹೆಚ್ಚು.

ಗೈಡ್ ಡಿಸೈನ್ ಸಾಫ್ಟ್‌ವೇರ್ ಮಾಡಿಕೊಡುತ್ತೆ, ಅದಕ್ಕೆ ಯಾರೂ ಮಾರುಹೋಗಲ್ಲ. ಅದರಲ್ಲಿರೋ ಹೊಂಡ ಗೊತ್ತಾ ಅಂತ ಮಾತ್ರ ಕೇಳ್ತಾರೆ. ರೆಫರೆನ್ಸ್ ಜೀನೋಮ್ ಸಾಮಾನ್ಯವಾಗಿ ನಿಪ್ಪೊನ್‌ಬಾರೆ ತಳಿಯದು, ಅದು ಜಪೋನಿಕಾ ಗುಂಪಿನ ಭತ್ತ. ನಮ್ಮ ತಳಿಗಳು ಬಹುಪಾಲು ಇಂಡಿಕಾ ಗುಂಪಿನವು. ಟಾರ್ಗೆಟ್ ಪಕ್ಕದಲ್ಲಿ ಕ್ಯಾಸ್9 ಗುರುತಿಸಲು ಇರಲೇಬೇಕಾದ ಮೂರು ಬೇಸ್, ಅಂದ್ರೆ ಎನ್‌ಜಿಜಿ ಪ್ಯಾಮ್‌ನಲ್ಲಿ ಒಂದು ಜಿ ಬೇರೆಯಾದರೂ ಆ ಗೈಡ್ ದಂಡ. ನಿಮ್ಮದೇ ತಳಿಯ ಟಾರ್ಗೆಟ್ ಭಾಗವನ್ನು ಮೊದಲು ಸೀಕ್ವೆನ್ಸ್ ಮಾಡಿಸಿ, ಆಮೇಲೆ ಆರ್ಡರ್ ಮಾಡಿ.

ಕ್ಯಾಲಸ್ ಕೈ: ನನ್ನ ಪ್ರಕಾರ ಟಿಶ್ಯೂ ಕಲ್ಚರ್ ಬಂದವರಿಗೇ ಮೊದಲ ಮಣೆ. ಇಂಡಿಕಾ ಸುಲಭಕ್ಕೆ ಬಗ್ಗಲ್ಲ. ಸಿಪ್ಪೆ ಸುಲಿದ ಬೀಜವನ್ನು ಭ್ರೂಣ ಮೇಲಾಗುವಂತೆ, ಲೀಟರಿಗೆ 2 ಮಿ.ಗ್ರಾಂ. 2,4-ಡಿ (ಹಾರ್ಮೋನಿನಂಥ ರಾಸಾಯನಿಕ) ಇರುವ ಮೀಡಿಯಾದಲ್ಲಿ ಕತ್ತಲಲ್ಲಿಡಿ. ತಿಳಿಹಳದಿ ಬಣ್ಣದ, ಗಟ್ಟಿಯಾದ, ಗುಂಡಗಿನ ಕ್ಯಾಲಸ್ (ಬೀಜದಿಂದ ಬೆಳೆಯುವ ಕೋಶಗಳ ಮುದ್ದೆ) ಮಾತ್ರ ಆರಿಸಿ. ಲೋಳೆಯಂಥದ್ದು, ಕಂದು ತಿರುಗಿದ್ದು ಎಸೆಯಿರಿ. ಗಿಡದೊಳಗೆ ಡಿಎನ್‌ಎ ಸಾಗಿಸುವ ಆಗ್ರೋಬ್ಯಾಕ್ಟೀರಿಯಂ ಜತೆ ಅದನ್ನು ಮೂರು ದಿನ ಇಡಿ, ಆ ಸಾಗಣೆಗೆ ಪ್ರಚೋದನೆ ಕೊಡುವ ಅಸಿಟೊಸಿರಿಂಗೋನ್ 100 ಮೈಕ್ರೊಮೋಲಾರ್ ಸಮೇತ. ತೊಳೆದ ಮೇಲೆ ಫಿಲ್ಟರ್ ಪೇಪರ್ ಮೇಲೆ ಚೆನ್ನಾಗಿ ಒಣಗಿಸದಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಸೆಫೊಟ್ಯಾಕ್ಸಿಂ ಲೀಟರಿಗೆ 250 ಮಿ.ಗ್ರಾಂ. ಇದ್ದರೂ ಬ್ಯಾಕ್ಟೀರಿಯಾ ಮತ್ತೆ ಹಬ್ಬುತ್ತೆ. ಹೊಸ ಡಿಎನ್‌ಎ ಹೊಕ್ಕ ಕೋಶಗಳನ್ನಷ್ಟೇ ಉಳಿಸುವ ಹೈಗ್ರೊಮೈಸಿನ್ ಲೀಟರಿಗೆ 50 ಮಿ.ಗ್ರಾಂ. ರೂಢಿ, ಆದ್ರೆ ತಳಿಗೆ ಎಷ್ಟು ಬೇಕು ಅಂತ ಎಡಿಟ್ ಮಾಡದ ಕ್ಯಾಲಸ್ ಮೇಲೆ ಪರೀಕ್ಷಿಸಿಕೊಳ್ಳಿ.

ಹೊಸಚಿಗುರು: ಹೈಗ್ರೊಮೈಸಿನ್‌ನಲ್ಲಿ ಉಳಿದ ಟಿ0 (ಕ್ಯಾಲಸ್‌ನಿಂದ ನೇರ ಬಂದ ಮೊದಲ ತಲೆಮಾರು) ಗಿಡ ಅಂದ್ರೆ ಎಡಿಟ್ ಆಗಿದೆ ಅಂತ ತಾನೆ?

ನಾಟಿ: ಅಲ್ಲ, ಆಗ್ರೋಬ್ಯಾಕ್ಟೀರಿಯಂ ಸಾಗಿಸಿದ ಟಿ-ಡಿಎನ್‌ಎ ಹೊಕ್ಕಿದೆ ಅಂತಷ್ಟೇ. ಎಡಿಟ್ ಹೆಚ್ಚಾಗಿ ಒಂದೆರಡು ಬೇಸ್‌ನದು, ಅಗರೋಸ್ ಜೆಲ್‌ನಲ್ಲಿ ಕಾಣಲ್ಲ. ಸುಮಾರು 500 ಬೇಸ್‌ನ ತುಣುಕನ್ನು ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿ. ಪ್ಯಾಮ್‌ನಿಂದ ಮೂರು ಬೇಸ್ ಆಚೆ, ಕತ್ತರಿಸುವ ಜಾಗದಿಂದ ಪೀಕ್‌ಗಳು ಒಂದರ ಮೇಲೊಂದು ಬೀಳೋಕೆ ಶುರುವಾದರೆ ಎಡಿಟ್ ಇದೆ. ಮೂರರ ಗುಣಕದಷ್ಟು ಬೇಸ್ ಹೋಗಿದ್ದರೆ ಫ್ರೇಮ್ (ಕೋಶ ಮೂರು ಮೂರು ಬೇಸ್ ಓದುವ ಕ್ರಮ) ಕೆಡಲ್ಲ, ಜೀನ್ ಕೆಲಸ ಮಾಡುತ್ತಲೇ ಇರಬಹುದು.

ಎರಡೂ ಅಲ್ಲೀಲ್ (ಜೀನಿನ ಎರಡೂ ಪ್ರತಿ) ಎಡಿಟ್ ಆದ ಟಿ0 ಆರಿಸಿ. ಕ್ಯಾಸ್9 ಒಂದೇ ಪ್ರತಿ ಇದ್ದರೆ ಟಿ1ನಲ್ಲಿ, ಅಂದ್ರೆ ಅದರ ಬೀಜದಿಂದ ಬಂದ ಮುಂದಿನ ತಲೆಮಾರಿನಲ್ಲಿ, ನಾಲ್ಕಕ್ಕೊಂದು ಗಿಡ ಕ್ಯಾಸ್9 ಇಲ್ಲದ್ದು. 11 ಗಿಡ ನೋಡಿದರೆ ಒಂದಾದರೂ ಸಿಗುವ ಸಾಧ್ಯತೆ 95%ಕ್ಕೂ ಮೇಲೆ. ಒಂದೇ ಅಲ್ಲೀಲ್ ಎಡಿಟ್ ಆಗಿದ್ದರೆ ಹೋಮೋಜೈಗಸ್ಸೂ (ಎರಡೂ ಪ್ರತಿಯಲ್ಲಿ ಅದೇ ಎಡಿಟ್) ಕ್ಯಾಸ್9 ಇಲ್ಲದ್ದೂ ಆದ ಗಿಡ 16ಕ್ಕೊಂದು, ಅಷ್ಟೇ ಸಾಧ್ಯತೆಗೆ ಸುಮಾರು 48 ಬೆಳೆಸಬೇಕು.

ಕ್ಯಾಲಸ್ ಕೈ: ಕ್ಯಾಸ್9 ಇದೆಯಾ ಅಂತ ನೋಡುವ ಪಿಸಿಆರ್‌ನಲ್ಲಿ ಪ್ರತಿ ಗಿಡಕ್ಕೂ ಆಕ್ಟಿನ್ (ಎಲ್ಲ ಗಿಡದಲ್ಲೂ ಇರುವ ಜೀನ್) ಪ್ರೈಮರ್ ಹಾಕಿ. ಹಾಕದಿದ್ದರೆ ಡಿಎನ್‌ಎ ಕೆಟ್ಟು ಬ್ಯಾಂಡ್ ಬಾರದ ಗಿಡವೂ "ಕ್ಯಾಸ್9 ಇಲ್ಲ" ಪಟ್ಟಿಗೆ ಸೇರಿಬಿಡುತ್ತೆ. ಹೈಗ್ರೊಮೈಸಿನ್ ಜೀನ್‌ಗೂ ವೆಕ್ಟರ್ ಬ್ಯಾಕ್‌ಬೋನ್‌ಗೂ (ಜೀನ್ ಹೊತ್ತು ತರುವ ಡಿಎನ್‌ಎಯ ಉಳಿದ ಭಾಗ) ಬೇರೆ ಪ್ರೈಮರ್ ಇಟ್ಟುಕೊಳ್ಳಿ, ವಿನಾಯಿತಿ ಕೇಳುವಾಗ ಅದೇ ದಾಖಲೆ ಬೇಕಾಗೋದು.