ಮೀಡಿಯಂ ವೇವ್, ಲಾಂಗ್ ವೇವ್‌ನಲ್ಲಿ ಒಳ್ಳೆಯ ಸಂಗೀತ ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತದೆ?

ದಾವಣಗೆರೆಯ ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ತಂದೆಯವರು ಹತ್ತಿಗಿರಣಿಯಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಬಹಳ ವರ್ಷ ಅಟ್ಟದ ಮೇಲೆಯೇ ಇತ್ತು. ಈ ವರ್ಷ ಅದನ್ನು ಕೆಳಗಿಳಿಸಿ ರಿಪೇರಿ ಮಾಡಿಸಿದ್ದೇನೆ. ಗಾಜಿನ ಪಟ್ಟಿಯ ಮೇಲೆ ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಅಲ್ಲದೆ ಲಾಂಗ್ ವೇವ್ ಎಂಬ ಇನ್ನೊಂದು ಸಾಲೂ ಇದ್ದು, ಅದರ ಉದ್ದಕ್ಕೂ ಯುರೋಪಿನ ಊರುಗಳ ಹೆಸರು ಅಚ್ಚಾಗಿವೆ. ಇದಲ್ಲದೆ ಮೀಡಿಯಂ ವೇವ್ ಹಿಡಿಯುವ ಒಂದು ಸಣ್ಣ ಟ್ರಾನ್ಸಿಸ್ಟರ್ ಕೂಡ ನನ್ನ ಬಳಿ ಇದೆ.

ನನಗೆ ಬೇಕಾಗಿರುವುದು ಸಂಗೀತ. ಭಾವಗೀತೆ, ಹಳೆಯ ಚಿತ್ರಗೀತೆ, ಶಾಸ್ತ್ರೀಯ ಗಾಯನ, ಯಾವುದಾದರೂ ಸರಿ. ಹಗಲಿನಲ್ಲಿ ಭದ್ರಾವತಿ ನಿಲಯ ಮಾತ್ರ ಗಟ್ಟಿಯಾಗಿ ಬರುತ್ತದೆ. ಧಾರವಾಡವು ಗೊರ್ ಎಂಬ ಸದ್ದಿನ ಕೆಳಗೆ ಹೂತುಹೋಗಿರುತ್ತದೆ. ರಾತ್ರಿಯಾದರೆ ಮುಳ್ಳನ್ನು ಎಲ್ಲಿ ನಿಲ್ಲಿಸಿದರೂ ಎರಡು ಮೂರು ಭಾಷೆಗಳು ಒಂದರ ಮೇಲೊಂದು ಬೀಳುತ್ತವೆ. ಲಾಂಗ್ ವೇವ್‌ನಲ್ಲಂತೂ ಒಂದೇ ಸಮನೆ ಟೀ-ಟೀಟೀ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೊಬೈಲಿನಲ್ಲಿ ಆಕಾಶವಾಣಿಯ ನಿಲಯಗಳೆಲ್ಲ ಸ್ಪಷ್ಟವಾಗಿ ಸಿಗುತ್ತವೆ ಎಂಬುದು ಗೊತ್ತಿದೆ. ಆದರೆ ತಂದೆಯವರು ಬೆಳಗಿನ ಹೊತ್ತು ಆಲಿಸುತ್ತಿದ್ದ ಅದೇ ಪೆಟ್ಟಿಗೆಯಿಂದ ಹಾಡು ಕೇಳಬೇಕೆಂಬುದು ನನ್ನ ಆಸೆ. ಯಾವ ನಿಲಯವನ್ನು ಯಾವ ಹೊತ್ತಿನಲ್ಲಿ ಹುಡುಕಬೇಕು, ಲಾಂಗ್ ವೇವ್‌ನಲ್ಲಿ ಸಂಗೀತ ಇದೆಯೇ, ಈ ಗೊರ್ ಸದ್ದನ್ನು ಹೇಗೆ ತಗ್ಗಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ದುರ್ಗದ ಹಳೆಯ ಕೇಳುಗ

ಸರ್, ಮೊದಲು ಲಾಂಗ್ ವೇವ್ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಸಮಯ ವ್ಯರ್ಥವಾಗಬಾರದು. ನಮ್ಮ ದೇಶದಲ್ಲಿ ಲಾಂಗ್ ವೇವ್ ಮೇಲೆ ಬಾನುಲಿ ಪ್ರಸಾರವೇ ಇಲ್ಲ. ಸುಮಾರು 150ರಿಂದ 280 ಕಿಲೋಹರ್ಟ್ಸ್‌ವರೆಗಿನ ಆ ಪಟ್ಟಿಯನ್ನು ಪ್ರಸಾರಕ್ಕೆ ಬಳಸಿದವರು ಯುರೋಪ್, ಉತ್ತರ ಆಫ್ರಿಕ ಮತ್ತು ಏಷ್ಯಾದ ಉತ್ತರ ಭಾಗದ ದೇಶಗಳವರು. ನಿಮ್ಮ ಪೆಟ್ಟಿಗೆಯ ಗಾಜಿನ ಮೇಲಿರುವ ಊರುಗಳು ಆ ಕಾಲದವು. ನೀವು ಕೇಳುತ್ತಿರುವ ಟೀ-ಟೀಟೀ ಸದ್ದು ಬಹುಮಟ್ಟಿಗೆ ವಿಮಾನಗಳಿಗೆ ದಿಕ್ಕು ತೋರಿಸುವ ಬೀಕನ್‌ನದು. ಅದು ತನ್ನ ಗುರುತಿನ ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಮತ್ತೆ ಮತ್ತೆ ಹೇಳುತ್ತಿರುತ್ತದೆ.

ಯುರೋಪಿನಲ್ಲಿಯೂ ಈ ಪಟ್ಟಿ ಬರಿದಾಗುತ್ತಿದೆ. ಜರ್ಮನಿಯ ಲಾಂಗ್ ವೇವ್ 2014ರ ಕೊನೆಗೆ ಮುಗಿಯಿತು, ಫ್ರಾನ್ಸಿನ 162 ಕಿಲೋಹರ್ಟ್ಸ್ ಪ್ರಸಾರ 2016ರ ಕೊನೆಗೆ ನಿಂತಿತು, ಐರ್ಲೆಂಡಿನ 252 ಕಿಲೋಹರ್ಟ್ಸ್ 2023ರ ಏಪ್ರಿಲ್‌ನಲ್ಲಿ ಮೌನವಾಯಿತು. ಆದರೂ ನಿಮಗೆ ಕುತೂಹಲವಿದ್ದರೆ ಒಂದು ದಾರಿ ಇದೆ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಇಟ್ಟಿರುವ ರಿಸೀವರನ್ನು ಇಂಟರ್ನೆಟ್ ಮೂಲಕ ಯಾರು ಬೇಕಾದರೂ ತಮ್ಮ ಮನೆಯಿಂದಲೇ ತಿರುಗಿಸಬಹುದು. ಅದರಲ್ಲಿ ಲಾಂಗ್ ವೇವ್ ಕೂಡ ಇದೆ. ಚಳಿಗಾಲದಲ್ಲಿ ನಮ್ಮ ರಾತ್ರಿ 9.30ರ ಹೊತ್ತಿಗೆ ಅಲ್ಲಿ ಕತ್ತಲಾಗಿರುತ್ತದೆ. ಆಗ 153 ಕಿಲೋಹರ್ಟ್ಸ್‌ನಲ್ಲಿ ರೊಮೇನಿಯಾ ದೇಶದ, ಹಳ್ಳಿಗರಿಗಾಗಿಯೇ ನಡೆಯುವ ನಿಲಯವನ್ನು ಹುಡುಕಿ ನೋಡಿ. ಅವರ ಜನಪದ ಸಂಗೀತ ಕೇಳುತ್ತಿದ್ದರೆ ಭಾಷೆ ತಿಳಿಯದಿದ್ದರೂ ಸುಗ್ಗಿಯ ಕಣದಲ್ಲಿ ಕುಳಿತಂತೆ ನನಗೆ ಅನಿಸಿದೆ. ಅದು ನಿಮ್ಮ ತಂದೆಯವರ ಪೆಟ್ಟಿಗೆಯಿಂದ ಬರುವುದಿಲ್ಲ ಎಂಬುದೊಂದೇ ಕೊರತೆ.

ಇನ್ನು ಮೀಡಿಯಂ ವೇವ್. ಇಲ್ಲಿ ನಿಲಯಗಳು ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕುಳಿತಿರುತ್ತವೆ. ನಮ್ಮ ಭಾಗದವರು ಗುರುತು ಹಾಕಿಕೊಳ್ಳಬೇಕಾದ ಮುಖ್ಯ ಸ್ಥಾನಗಳು ಬೆಂಗಳೂರಿನ 612, ಭದ್ರಾವತಿಯ 675 ಮತ್ತು ಧಾರವಾಡದ 765. ಬೆಂಗಳೂರು, ಧಾರವಾಡ ಎರಡೂ 200 ಕಿಲೋವಾಟ್ ಸಾಮರ್ಥ್ಯದವು. ಭದ್ರಾವತಿಯದು ಅದರ ಹತ್ತನೇ ಒಂದು ಭಾಗ ಮಾತ್ರ, ಆದರೆ ದಾವಣಗೆರೆಗೆ ಬಹಳ ಹತ್ತಿರ. ಕತ್ತಲಾದ ಮೇಲೆ ಹೈದರಾಬಾದಿನ 738, ಚೆನ್ನೈನ 720, ತೂತ್ತುಕ್ಕುಡಿಯ 1053 ಇವನ್ನು ಪ್ರಯತ್ನಿಸಿ. ತೂತ್ತುಕ್ಕುಡಿಯ ಪ್ರಸಾರವು ಸಮುದ್ರದಾಚೆಯ ಶ್ರೀಲಂಕಾದ ತಮಿಳರಿಗಾಗಿ ಏರ್ಪಾಟಾದದ್ದು. ನಾನು ಅಲ್ಲಿ ಹಳೆಯ ತಮಿಳು ಚಿತ್ರಗೀತೆಗಳನ್ನು ಎಷ್ಟೋ ರಾತ್ರಿ ಕೇಳಿದ್ದೇನೆ. ಒಂದು ಕಾಲದಲ್ಲಿ ನಾಗಪುರದಿಂದ 1566ರಲ್ಲಿ ಒಂದು ಸಾವಿರ ಕಿಲೋವಾಟ್‌ನ ರಾಷ್ಟ್ರೀಯ ವಾಹಿನಿ ರಾತ್ರಿಯಿಡೀ ಬರುತ್ತಿತ್ತು. 1988ರಲ್ಲಿ ಆರಂಭವಾದ ಅದು 2019ರಲ್ಲಿ ನಿಂತಿತು. ನಿದ್ದೆ ಬಾರದ ರಾತ್ರಿಗಳಲ್ಲಿ ನನಗೆ ಜೊತೆಯಾಗಿದ್ದ ವಾಹಿನಿ ಅದು. ಈಗಲೂ ಒಮ್ಮೊಮ್ಮೆ ಮುಳ್ಳನ್ನು ಅಲ್ಲಿಗೆ ಒಯ್ಯುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಎಫ್.ಎಂ. ಬೆಳೆದಂತೆ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ಮುಚ್ಚುತ್ತಿರುವುದರಿಂದ, ಇರುವವನ್ನು ಇರುವಾಗಲೇ ಕೇಳಿಬಿಡಬೇಕು.

ರೇಡಿಯೊ ರಿಪೇರಿ, ಹೊಳಲ್ಕೆರೆ

ನಿಲಯಗಳ ಪಟ್ಟಿ ಸರಿಯಾಗಿದೆ, ಆದರೆ ಗೊರ್ ಸದ್ದು ಹೋಗದೆ ಪಟ್ಟಿಯಿಂದ ಪ್ರಯೋಜನವಿಲ್ಲ. ಆ ಸದ್ದು ನಿಮ್ಮ ರೇಡಿಯೊದ್ದಲ್ಲ, ನಿಮ್ಮ ಮನೆಯದು. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರ್, ಟಿ.ವಿ.ಯ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್, ಇನ್ವರ್ಟರ್ ಇವೆಲ್ಲದರೊಳಗೆ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಕತ್ತರಿಸಿ ಜೋಡಿಸುವ ಸರ್ಕೀಟು ಇರುತ್ತದೆ, ಅದರ ಕಸವೆಲ್ಲ ಮೀಡಿಯಂ ವೇವ್ ಮೇಲೆಯೇ ಬಂದು ಬೀಳುತ್ತದೆ. ಪತ್ತೆ ಮಾಡುವ ಕ್ರಮ ಸುಲಭ. ಟ್ರಾನ್ಸಿಸ್ಟರಿಗೆ ಸೆಲ್ ಹಾಕಿ, ನಿಲಯವಿಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ಅಡಗಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಪ್ಲಗ್ಗನ್ನು ಹಾಕುತ್ತ ಬನ್ನಿ. ಅಡಗದಿದ್ದರೆ ಪಕ್ಕದ ಮನೆಯದೋ ಬೀದಿದೀಪದ್ದೋ ಇರುತ್ತದೆ. ಆಗ ಕರೆಂಟು ಹೋದ ಹೊತ್ತೇ ರೇಡಿಯೊ ಕೇಳುವವರಿಗೆ ಹಬ್ಬ.

ಎರಡನೆಯದಾಗಿ ದಿಕ್ಕು. ಟ್ರಾನ್ಸಿಸ್ಟರಿನ ಒಳಗೆ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಮೀಡಿಯಂ ವೇವ್‌ಗೆ ಅದೇ ಏರಿಯಲ್. ಮೇಲಕ್ಕೆಳೆಯುವ ಉದ್ದದ ಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಫೆರೈಟ್ ಕಡ್ಡಿಯು ತನ್ನ ಮಗ್ಗುಲಿನ ಕಡೆಯಿಂದ ಬರುವ ಅಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯ ನೇರಕ್ಕೆ ಇರುವ ನಿಲಯವನ್ನು ಹೆಚ್ಚುಕಡಿಮೆ ಕೇಳಿಸಿಕೊಳ್ಳುವುದೇ ಇಲ್ಲ. ದಾವಣಗೆರೆಯಿಂದ ನೋಡಿದರೆ ಧಾರವಾಡ ವಾಯವ್ಯಕ್ಕೆ, ಬೆಂಗಳೂರು ಆಗ್ನೇಯಕ್ಕೆ, ಅಂದರೆ ಒಂದೇ ಗೆರೆಯ ಎರಡು ತುದಿಗಳಲ್ಲಿವೆ. ಆದ್ದರಿಂದ ಕಡ್ಡಿಯನ್ನು ಈಶಾನ್ಯ–ನೈಋತ್ಯಕ್ಕೆ ಚಾಚಿಟ್ಟರೆ ಇವೆರಡೂ ಮಗ್ಗುಲಿಗೆ ಬರುತ್ತವೆ, ಜೊತೆಗೆ ದಕ್ಷಿಣ–ನೈಋತ್ಯಕ್ಕಿರುವ ಭದ್ರಾವತಿಯ ಅಬ್ಬರವೂ ತಗ್ಗುತ್ತದೆ. ಹೈದರಾಬಾದ್ ಇರುವುದು ಈಶಾನ್ಯಕ್ಕೆ. ಅದಕ್ಕಾಗಿ ಸೆಟ್ಟನ್ನು ಕಾಲು ಸುತ್ತು ತಿರುಗಿಸಬೇಕು, ಆಗ ರೇಡಿಯೊ ಪಟ್ಟಿಯಲ್ಲಿ ಪಕ್ಕದಲ್ಲೇ ಇರುವ ಧಾರವಾಡ ತಾನಾಗಿ ಹಿಂದೆ ಸರಿಯುತ್ತದೆ. ರಾತ್ರಿ ಒಂದರ ಮೇಲೊಂದು ಬೀಳುವ ನಿಲಯಗಳನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ವಾಲ್ವ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಈ ಕಡ್ಡಿ ಇರುವುದಿಲ್ಲ, ಹಿಂದೆ ಏರಿಯಲ್ ಮತ್ತು ಅರ್ಥ್ ಎಂಬ ಎರಡು ತೂತುಗಳಿರುತ್ತವೆ. ಅದಕ್ಕೆ ಚೌಕಟ್ಟಿನ ಏರಿಯಲ್ ಕಟ್ಟಿಕೊಳ್ಳಿ. ಎರಡು ಅಡಿ ಉದ್ದದ ಎರಡು ಮರದ ಪಟ್ಟಿಗಳನ್ನು ಅಡ್ಡಡ್ಡಲಾಗಿ ಸೇರಿಸುವ ಬದಲು, ಎರಡಡಿ ಬದಿಯ ಚೌಕವನ್ನೇ ಮಾಡಿ ಅದರ ಸುತ್ತ ಸಾದಾ ವೈರಿಂಗ್ ತಂತಿಯನ್ನು ಹನ್ನೆರಡು ಸುತ್ತು ಸುತ್ತಿ, ಎರಡು ತುದಿಗಳನ್ನೂ ಹಳೆಯ ರೇಡಿಯೊದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರಿಗೆ (ನಿಲಯ ಹುಡುಕಲು ಗುಂಡಿಯಿಂದ ತಿರುಗಿಸುವ ಭಾಗ) ಬೆಸುಗೆ ಹಾಕಿ. ಮುಳ್ಳು 612ರ ಕಡೆಗೆ ಇಳಿಯದಿದ್ದರೆ ಒಂದು ಸುತ್ತು ಹೆಚ್ಚಿಸಿ, ಮೇಲಿನ ತುದಿ ಸಿಗದಿದ್ದರೆ ಒಂದು ಸುತ್ತು ಕಡಿಮೆ ಮಾಡಿ. ಇದಕ್ಕೆ ತಾಗದಂತೆ ಬೇರೆಯದೇ ಒಂದು ಸುತ್ತು ತಂತಿ ಹಾಕಿ, ಅದರ ತುದಿಗಳನ್ನು ಸೆಟ್ಟಿನ ಏರಿಯಲ್ ಮತ್ತು ಅರ್ಥ್‌ಗೆ ಕೊಡಿ. ಟ್ರಾನ್ಸಿಸ್ಟರಿಗಾದರೆ ಅದೂ ಬೇಡ, ಚೌಕಟ್ಟಿನ ಪಕ್ಕದಲ್ಲಿಟ್ಟರೆ ಸಾಕು. ಕಡ್ಡಿಯಂತೆಯೇ ಚೌಕಟ್ಟನ್ನೂ ತಿರುಗಿಸಬೇಕು, ಆದರೆ ಇದು ತನ್ನ ಅಂಚಿನ ಕಡೆಯಿಂದ ಕೇಳುತ್ತದೆ ಎಂಬುದು ನೆನಪಿರಲಿ. ವಾಲ್ವ್ ಸೆಟ್ಟಿನ ಹಿಂಬದಿಯ ಮುಚ್ಚಳ ತೆಗೆದು ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರುತ್ತದೆ.

ಇನ್ನೊಂದು ಮಾತು. ಮೀಡಿಯಂ ವೇವ್ ಚೆನ್ನಾಗಿ ಸಿಗಲೆಂದು ಕೆಲವರು ರೇಡಿಯೊ ಹಿಡಿದು ಜೋಗಿಮಟ್ಟಿ ಹತ್ತುವುದನ್ನು ಕಂಡಿದ್ದೇನೆ. ಎತ್ತರ ಬೇಕಾದದ್ದು ಎಫ್.ಎಂ.ಗೆ. ಮೀಡಿಯಂ ವೇವ್ ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡು ಬರುತ್ತದೆ, ಅದಕ್ಕೆ ಬಂಡೆಗಿಂತ ತೇವದ ಮಣ್ಣು ಮೇಲು. ಭದ್ರಾ ನಾಲೆಯ ಗದ್ದೆಗಳ ನಡುವೆ, ಕರೆಂಟಿನ ತಂತಿಗಳಿಂದ ದೂರ ಕುಳಿತು ಒಮ್ಮೆ ಕೇಳಿ ನೋಡಿ.

ಚನ್ನಗಿರಿಯ ತೋಟದಿಂದ

ದುರ್ಗದ ಹಿರಿಯರು ರಾತ್ರಿಯ ದೂರದ ನಿಲಯಗಳನ್ನು ಪ್ರೀತಿಯಿಂದ ಬರೆದಿದ್ದಾರೆ. ಆದರೆ ಸಂಗೀತವನ್ನು ಸಂಗೀತವಾಗಿ ಕೇಳಬೇಕೆನ್ನುವವರಿಗೆ ಹಗಲೇ ಲೇಸು ಎಂಬುದು ನನ್ನ ಅಭಿಪ್ರಾಯ. ಹಗಲಿನಲ್ಲಿ ಆಕಾಶದ ಕೆಳಗಿನ ಪದರವೊಂದು ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುವುದರಿಂದ ದೂರದ ನಿಲಯಗಳು ಬರುವುದಿಲ್ಲ, ಹತ್ತಿರದವು ನಿಶ್ಚಲವಾಗಿ ನಿಲ್ಲುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಹಾಗೆ ಬಂದ ಹಾಡು ಏರುತ್ತ ಇಳಿಯುತ್ತ ಇರುತ್ತದೆ. ಆಲಾಪದ ನಡುವೆ ಗಾಯಕರು ಷಡ್ಜಕ್ಕೆ ಬಂದು ನಿಲ್ಲುವ ಹೊತ್ತಿಗೇ ದನಿ ಮುಳುಗಿಹೋದರೆ ಮನಸ್ಸಿಗೆ ಬಹಳ ಬೇಸರವಾಗುತ್ತದೆ.

ನಾನು ಆರಿಸಿಕೊಂಡಿರುವುದು ಬೆಳಗಿನ ಧಾರವಾಡ ಮತ್ತು ಭದ್ರಾವತಿ. ಪ್ರಸಾರ ತೆರೆದುಕೊಳ್ಳುವ ಮುನ್ನವೇ ಮುಳ್ಳನ್ನು ಸರಿಪಡಿಸಿಟ್ಟುಕೊಂಡರೆ, ವಾಲ್ಟರ್ ಕಾಫ್‌ಮನ್ 1936ರಲ್ಲಿ ಸಂಯೋಜಿಸಿದ, ಶಿವರಂಜನಿಯ ಛಾಯೆಯುಳ್ಳ ಆಕಾಶವಾಣಿಯ ಮುದ್ರಾ ಸಂಗೀತದಿಂದಲೇ ನಿಲಯ ಸರಿಯಾಗಿ ಕುಳಿತಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ತಂಬೂರಿಯ ಶ್ರುತಿ ನಡುಗದೆ ಕೇಳಿದರೆ ಇನ್ನು ಗುಂಡಿಯನ್ನು ಮುಟ್ಟಬೇಡಿ. 1950ರಲ್ಲಿ ಆರಂಭವಾದ ಧಾರವಾಡ ನಿಲಯಕ್ಕೆ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದವರು; ಹಿಂದೂಸ್ತಾನಿ ಗಾಯನಕ್ಕೆ ಆ ನಿಲಯವನ್ನು ಬಿಟ್ಟು ನಾನು ಬೇರೆಡೆ ಹುಡುಕುವುದಿಲ್ಲ. ಕರ್ನಾಟಕ ಸಂಗೀತಕ್ಕೆ ಬೆಂಗಳೂರು ಮತ್ತು ಚೆನ್ನೈ. ನಮ್ಮ ಜಿಲ್ಲೆಗಳು ಈ ಎರಡು ಪದ್ಧತಿಗಳ ನಡುವಿನ ಹೊಸ್ತಿಲಿನಂತಿರುವುದರಿಂದ, ಒಂದೇ ಬೆಳಿಗ್ಗೆ ಗುಂಡಿಯನ್ನು ಎರಡು ಬೆರಳಿನಷ್ಟು ತಿರುಗಿಸಿ ಹಿಂದೂಸ್ತಾನಿಯ ಭೈರವ ರಾಗದಿಂದ ಕರ್ನಾಟಕ ಪದ್ಧತಿಯ ಮಾಯಾಮಾಳವಗೌಳಕ್ಕೆ ಹೋಗುವ ಭಾಗ್ಯ ನಮಗಿದೆ. 1952ರಿಂದ ನಡೆದುಬಂದಿರುವ ಅಖಿಲ ಭಾರತ ಸಂಗೀತ ಕಾರ್ಯಕ್ರಮವನ್ನೂ ಜನವರಿಯಲ್ಲಿ ತಿರುವೈಯಾರಿನಿಂದ ನೇರವಾಗಿ ಬರುವ ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗಾಯನವನ್ನೂ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಮೀಡಿಯಂ ವೇವ್‌ನಲ್ಲಿ ತಾಳದ ಕಿಣಿಕಿಣಿಯಂತಹ ಹೆಚ್ಚು ಕಂಪನದ ನಾದಗಳು ಉಳಿಯುವುದಿಲ್ಲ. ಒಂದೊಂದು ನಿಲಯಕ್ಕೆ ಸಿಗುವ ಜಾಗವೇ ಅಷ್ಟು ಇಕ್ಕಟ್ಟು. ಆದರೆ ಮನುಷ್ಯರ ಕಂಠ, ಸಾರಂಗಿ, ಕೊಳಲಿನ ಮಂದ್ರ ಇವು ವಾಲ್ವ್ ಸೆಟ್ಟಿನ ದೊಡ್ಡ ಸ್ಪೀಕರಿನಲ್ಲಿ ಬಹಳ ತುಂಬಾಗಿ ಬರುತ್ತವೆ. ಆದ್ದರಿಂದ ನಿಮ್ಮ ಪೆಟ್ಟಿಗೆಗೆ ಚಿತ್ರಗೀತೆಗಿಂತ ಗಾಯನವೇ ಒಪ್ಪುತ್ತದೆ ಎಂದು ನನಗೆ ತೋರುತ್ತದೆ. ಯಾವ ವಾರ, ಯಾವ ಹೊತ್ತು, ಯಾರ ಗಾಯನ ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ಎರಡು ತಿಂಗಳಲ್ಲಿ ನಿಮ್ಮದೇ ವೇಳಾಪಟ್ಟಿ ಸಿದ್ಧವಾಗುತ್ತದೆ.

ದಾವಣಗೆರೆಯ ಕೇಳುಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹೊಳಲ್ಕೆರೆಯವರು ಹೇಳಿದಂತೆ ಮೇನ್ ಸ್ವಿಚ್ ಆಫ್ ಮಾಡಿದಾಗ ಗೊರ್ ಸದ್ದು ಪೂರ್ತಿ ನಿಂತಿತು. ಒಂದೊಂದೇ ಪ್ಲಗ್ ಹಾಕುತ್ತ ಬಂದಾಗ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಮತ್ತು ಅಡುಗೆಮನೆಯ ಒಂದು ಬಲ್ಬು ಸಿಕ್ಕಿಬಿದ್ದವು. ಬಲ್ಬನ್ನು ಬದಲಾಯಿಸಿದೆ. ಅಡಾಪ್ಟರನ್ನು ರೇಡಿಯೊ ಕೇಳುವ ಹೊತ್ತಿನಲ್ಲಿ ಕಿತ್ತಿಡುವುದಕ್ಕೆ ಮನೆಯವರೂ ಒಪ್ಪಿದ್ದಾರೆ. ಚೌಕಟ್ಟಿಗೆ ಹಳೆಯ ಕಿಟಕಿಯ ಮರ ಸಿಕ್ಕಿತು, ಆದರೆ ಗ್ಯಾಂಗ್ ಕಂಡೆನ್ಸರಿಗಾಗಿ ಎರಡು ವಾರ ಅಲೆಯಬೇಕಾಯಿತು. ನನ್ನ ಚೌಕಟ್ಟಿಗೆ ಹದಿಮೂರು ಸುತ್ತು ಬೇಕಾದವು.

ನಿನ್ನೆ ಬೆಳಿಗ್ಗೆ ಅಂಚನ್ನು ವಾಯವ್ಯಕ್ಕೆ ಮಾಡಿ 765ರಲ್ಲಿ ನಿಲ್ಲಿಸಿದಾಗ ಧಾರವಾಡದಿಂದ ಒಂದು ವಚನ ಗಾಯನ ಬಂದಿತು. ದನಿ ಎಲ್ಲಿಯೂ ನಡುಗಲಿಲ್ಲ. ತಾಯಿಯವರು ಪೂಜೆಯ ಮನೆಯಿಂದ ಎದ್ದು ಬಂದು ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಕುಳಿತು ಕೊನೆಯವರೆಗೂ ಕೇಳಿದರು. ಚನ್ನಗಿರಿಯವರ ಮಾತಿನಂತೆ ಆ ದಿನದಿಂದಲೇ ಪುಸ್ತಕ ಆರಂಭಿಸಿದ್ದೇನೆ. 720 ಮತ್ತು 738 ಮಾತ್ರ ಇನ್ನೂ ಬೇರ್ಪಡುತ್ತಿಲ್ಲ. ಹೈದರಾಬಾದಿಗೆ ಚೌಕಟ್ಟು ತಿರುಗಿಸಿದರೂ ಚೆನ್ನೈ ಒಳನುಗ್ಗುತ್ತದೆ. ಮುಂದಿನ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಟ್ರಾನ್ಸಿಸ್ಟರನ್ನೂ ಚೌಕಟ್ಟನ್ನೂ ಜೊತೆಗೆ ಒಯ್ದು, ನಾಲೆಯ ಬದಿಯಲ್ಲಿ ಕತ್ತಲಾಗುವವರೆಗೆ ಕುಳಿತು ನೋಡಿ ಬರೆಯುತ್ತೇನೆ.